ಚಿಕ್ಕಜಾಜೂರಿನ ರೂಮಿನಲ್ಲಿದ್ದ ಎರಡನೇ ದಾರಿ

ಅನುಮಾನ ಎಲ್ಲಿಂದ ಶುರುವಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಮಾಡಿದ್ದು ಬರೀ ಚಾಡಿ ಅನ್ನಿಸುತ್ತದೆ. ಚಾಡಿಯೇ ಅದು, ಆದರೆ ಅದಕ್ಕೊಂದು ಕಾರಣವಿತ್ತು.

ನಾನು ಕೆಲಸ ಮಾಡುವುದು ಹೊಳಲ್ಕೆರೆಯ ಒಂದು ಸಣ್ಣ ಕೇಬಲ್ ಆಫೀಸಿನಲ್ಲಿ. ಮೊದಲು ಬರೀ ಟಿವಿ ಕೇಬಲ್ ಇತ್ತಂತೆ, ಈಗ ಫೈಬರ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುತ್ತೇವೆ. ನಾನು ಓದಿದ್ದು ಹೊಸದುರ್ಗದಲ್ಲಿ ಬಿ.ಕಾಂ. ನೆಟ್‌ವರ್ಕಿಂಗ್ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ, ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ರೂಟರ್ ಬಿಚ್ಚಿ ಮತ್ತೆ ಜೋಡಿಸಿ. ಬಿಲ್ ಬರೆಯಲು ಸೇರಿದವಳು ಒಂದೇ ವರ್ಷದಲ್ಲಿ ರೂಟರುಗಳ ಪಾಸ್‌ವರ್ಡ್ ಇಟ್ಟುಕೊಳ್ಳುವವಳಾದೆ. ಅದರ ಜಂಬ ನನಗೆ ಸಾಕಷ್ಟಿತ್ತು.

ಆ ಬೇಸಿಗೆಯಲ್ಲಿ ನಮ್ಮ ಗಿರಾಕಿಗಳಿಗೆ ಬೇರೆ ಕಂಪನಿಯವರ ಫೋನ್ ಬರತೊಡಗಿತು. ಯಾರಿಗೋ ಅಲ್ಲ, ಯಾರ ತಿಂಗಳ ಪ್ಲಾನ್ ಇವತ್ತು ನಾಳೆ ಮುಗಿಯುತ್ತದೋ ಸರಿಯಾಗಿ ಅವರಿಗೇ. ನಮ್ಮ ಹುಡುಗರು ರಸೀದಿ ಪುಸ್ತಕ ಹಿಡಿದು ಹೋಗುವಷ್ಟರಲ್ಲಿ, "ಈಗ ಹೊಸದುರ್ಗದ ಕಡೆಯೋರು ಫೋನ್ ಮಾಡಿದ್ರಪ್ಪ, ಅವರದ್ದೇ ಹಾಕಿಸ್ಕಂತೀವಿ" ಅನ್ನುತ್ತಿದ್ದರು. ಯಾರ ತಿಂಗಳು ಎಂದು ಮುಗಿಯುತ್ತದೆ ಅನ್ನುವ ಪಟ್ಟಿ ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವುದು. ಬೆಳಿಗ್ಗೆ ನಾನೇ ಅದನ್ನು ತೆಗೆದು ನಮ್ಮವರಿಗೆ ಕಳಿಸುವುದು. ಅದು ಹೊಸದುರ್ಗಕ್ಕೆ ಹೇಗೆ ಹೋಯಿತು?

ನಮ್ಮ ಓನರ್ ಇರುವುದು ಚಿತ್ರದುರ್ಗದಲ್ಲಿ, ವಾರಕ್ಕೆ ಎರಡು ಸಲ ಹೊಳಲ್ಕೆರೆಗೆ ಬರುತ್ತಾರೆ. ಒಂದು ದಿನ ಬಂದವರು ನನ್ನ ಟೇಬಲ್ಲಿನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಇದು ಒಳಗಿನ ಇಲಿ ಕಣಮ್ಮ. ನೀನು ಓದ್ದೋಳು, ಒಸಿ ಕಣ್ಣಿಟ್ಟಿರು."

ಕಣ್ಣಿಡು ಅಂದರೆ ಸಾಕು, ನನಗೆ ಎಲ್ಲರೂ ಇಲಿಗಳ ಹಾಗೇ ಕಾಣತೊಡಗಿದರು. ಚಹಾ ತರುವವರು ಪೇಪರ್ ಕಡೆ ನೋಡಿದರೆ ಅನುಮಾನ, ರಸೀದಿ ಹುಡುಗರು ಪಿಸುಗುಟ್ಟಿದರೆ ಅನುಮಾನ. ಅದೇ ವಾರ ನಾನು ಚಿಕ್ಕಜಾಜೂರಿನ ರೂಮಿಗೆ ಹೋಗಬೇಕಾಗಿ ಬಂತು.

ಚಿಕ್ಕಜಾಜೂರಿನಲ್ಲಿ ನಮ್ಮದೊಂದು ಬಾಡಿಗೆ ರೂಮಿದೆ. ಗೊಬ್ಬರದ ಅಂಗಡಿಯ ಹಿಂಬದಿ, ಅಂಗಡಿಯ ಶಟರ್ ದಾಟಿಯೇ ಒಳಗೆ ಹೋಗಬೇಕು. ಆ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಇಂಟರ್ನೆಟ್ ಹಂಚುವ ರೂಟರ್ ಅಲ್ಲಿದೆ. ಅಲ್ಲಿನ ಕೆಲಸವೆಲ್ಲ ನೋಡಿಕೊಳ್ಳುತ್ತಿದ್ದವರು ನಮ್ಮ ಹಿರಿಯ ಲೈನ್‌ಮ್ಯಾನ್. ಐವತ್ತು ದಾಟಿದವರು, ಅದೇ ಊರಿನವರು, ಆಫೀಸಿನವರೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಆ ದಿನ ಅವರು ಭರಮಸಾಗರದ ಕಡೆ ಫೈಬರ್ ತುಂಡಾಗಿದೆ ಎಂದು ಹೋಗಿದ್ದರು. ರೂಮಿನ ಫ್ಯಾನ್ ಬದಲಾಯಿಸಲು ನಾನೇ ಕೀಲಿ ತೆಗೆದುಕೊಂಡು ಸ್ಕೂಟಿ ಹತ್ತಿದೆ.

ಫ್ಯಾನ್ ಹಾಕಿ, ಧೂಳು ಒರೆಸುತ್ತಾ ಬ್ಯಾಟರಿಯನ್ನು ಪಕ್ಕಕ್ಕೆ ಸರಿಸಿದಾಗ ಕಂಡಿತು. ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ತಲೆಯ ಮೇಲೆ ಬೆರಳುದ್ದದ ಆಂಟೆನಾ. ಹಸಿರು ದೀಪ ಮಿಟುಕುತ್ತಿತ್ತು. ಅದರಿಂದ ಹೊರಟ ನೀಲಿ ವೈರು ನಮ್ಮ ರೂಟರಿನ ಕನ್ಸೋಲ್ ಎನ್ನುವ ತೂತಿಗೆ ಹೋಗಿತ್ತು.

ಆ ತೂತಿನ ವಿಷಯ ಹೇಳಬೇಕು. ಸಾಮಾನ್ಯವಾಗಿ ನಾನು ಹೊಳಲ್ಕೆರೆಯಲ್ಲಿ ಕುಳಿತೇ ಚಿಕ್ಕಜಾಜೂರಿನ ರೂಟರಿನ ಒಳಗೆ ಹೋಗುತ್ತೇನೆ. ಗಿರಾಕಿಗಳ ಸಿನಿಮಾ, ಮಕ್ಕಳ ಪಾಠ ಎಲ್ಲ ಹೋಗುವ ಅದೇ ಫೈಬರಿನಲ್ಲಿ ನಾನೂ ಹೋಗುತ್ತೇನೆ. ಹೋದದ್ದು ಬಂದದ್ದು ಎಲ್ಲಕ್ಕೂ ನಮ್ಮಲ್ಲಿ ದಾಖಲೆ ಬೀಳುತ್ತದೆ. ಕನ್ಸೋಲ್ ಹಾಗಲ್ಲ. ಅದು ರೂಟರಿನ ಎದುರಿಗೇ ಬಂದು ನಿಂತವರಿಗೆ ಮಾಡಿದ ಬಾಗಿಲು. ಅಲ್ಲಿಂದ ಒಳಗೆ ಹೋದವರು ನಮ್ಮ ಫೈಬರನ್ನು ಮುಟ್ಟುವುದೇ ಇಲ್ಲ, ನಮ್ಮ ದಾಖಲೆಯಲ್ಲಿ ಅವರ ಸುಳಿವೂ ಇರುವುದಿಲ್ಲ. ಆ ಬಾಗಿಲಿಗೆ ಯಾರೋ ಆಂಟೆನಾ ಇರುವ ಪೆಟ್ಟಿಗೆ ಕಟ್ಟಿದ್ದರು. ಅಂದರೆ ಯಾರೋ ಎಲ್ಲೋ ಕುಳಿತು, ನಮಗೆ ಗೊತ್ತಾಗದ ಹಾಗೆ, ನಮ್ಮ ರೂಟರಿನ ಎದುರಿಗೆ ಬಂದು ನಿಲ್ಲುತ್ತಿದ್ದರು. ಅಲ್ಲಿಂದ ಆಫೀಸಿನ ಕಂಪ್ಯೂಟರಿಗೆ ನುಗ್ಗಿ ಆ ಪಟ್ಟಿ ತೆಗೆಯುವುದು ಕಷ್ಟವಲ್ಲ.

ಕಳ್ಳರು ಇಂಥ ಪೆಟ್ಟಿಗೆಗಳನ್ನು ಆಫೀಸುಗಳಲ್ಲಿ ಬಚ್ಚಿಟ್ಟು ಹೋಗುವ ವಿಡಿಯೋ ನೋಡಿ ಒಂದು ವಾರ ಕೂಡ ಆಗಿರಲಿಲ್ಲ. ಭಯಕ್ಕಿಂತ ಖುಷಿಯೇ ಹೆಚ್ಚಾಯಿತು ಅನ್ನುವುದು ನಿಜ. ಮುಚ್ಚಳ ತೆಗೆದೆ. ಒಳಗೆ ಸಿಮ್ ಇತ್ತು. ಅದನ್ನು ನನ್ನ ಫೋನಿಗೆ ಹಾಕಿ ನಂಬರ್ ತಿಳಿದುಕೊಂಡೆ. ದುಡ್ಡು ಕಳಿಸುವ ಆ್ಯಪಿನಲ್ಲಿ ಆ ನಂಬರ್ ಒತ್ತಿದರೆ ಯಾರ ಹೆಸರು ಬರುತ್ತದೆ ನೋಡೋಣ ಎಂದು ಒತ್ತಿದೆ. ಅಣ್ಣನ ಹೆಸರು ಬಂತು.

ಫೋಟೋ ತೆಗೆದುಕೊಂಡೆ, ಸಿಮ್ ವಾಪಸ್ ಹಾಕಿದೆ, ಬ್ಯಾಟರಿಯನ್ನು ಇದ್ದ ಜಾಗಕ್ಕೇ ತಳ್ಳಿ ಬಂದೆ.

ಆಮೇಲೆ ಎಲ್ಲವೂ ಕೂಡಿಕೊಳ್ಳುತ್ತಾ ಹೋಯಿತು. ಅಣ್ಣ ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಿದ್ದದ್ದು. ಫೋನನ್ನು ಮುಖ ಕೆಳಗೆ ಮಾಡಿ ಇಡುತ್ತಿದ್ದದ್ದು. ಪ್ರತಿ ದಿನ ಒಂಬತ್ತಕ್ಕೆ ಅವರ ಫೋನಿಗೆ ಒಂದು ಮೆಸೇಜ್ ಬರುತ್ತಿತ್ತು, ನೋಡಿ ತಲೆಯಾಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮರುದಿನ ಒಂಬತ್ತಕ್ಕೆ ನೀರು ಕುಡಿಯುವ ನೆಪದಲ್ಲಿ ಅವರ ಹಿಂದೆ ನಿಂತೆ. ‘ಓಕೆ 28’ ಎಂದಷ್ಟೇ ಇತ್ತು. ಆ ದಿನ ತಿಂಗಳು ಮುಗಿಯುವ ಗಿರಾಕಿಗಳ ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರಿದ್ದವು. ಒಂದು ಹೆಚ್ಚುಕಡಿಮೆ. ನನಗೆ ಅಷ್ಟು ಸಾಕಾಯಿತು. ಅದರ ಮರುದಿನ ಬಂದ ಓನರ್‌ಗೆ ಫೋಟೋ ತೋರಿಸಿದೆ.

ಅವರು ನೇರ ಹೊರಗೆ ಬಂದು ಎಲ್ಲರ ಎದುರಿಗೆ ಅಣ್ಣನನ್ನು ನಿಲ್ಲಿಸಿದರು.

"ಈ ಪೆಟ್ಟಿಗೆ ಯಾರದ್ರಿ?"

"ನಂದೇ ಸಾರ್. ನಾನೇ ಹಾಕಿದ್ದು."

"ನನ್ನ ರೂಮಿನಾಗೆ ನನಗೆ ಗೊತ್ತಿಲ್ದಂಗೆ?"

"ಗೊತ್ತಿಲ್ದಂಗೆ ಎಲ್ಲಿ ಸಾರ್? ಸಿಡ್ಲು ಬಡಿದು ಎರಡು ದಿನ ಲೈನ್ ಸತ್ತಾಗ ಕೇಳಿದ್ನಲ್ಲ, ನೀವು ಏನೋ ಒಂದು ಮಾಡ್ರಿ ಅಂದ್ರಿ."

"ಏನೋ ಒಂದು ಮಾಡ್ರಿ ಅಂದ್ರೆ ಕಳ್ಳ ದಾರಿ ಮಾಡ್ರಿ ಅಂತಲೇನ್ರಿ?"

"ಕಳ್ಳ ದಾರಿ ಅಲ್ಲ ಸಾರ್ ಅದು. ಆಪತ್ತಿನ ದಾರಿ."

"ಆಪತ್ತು ಈಗ ಬಂದೈತೆ ನಂಗೆ. ನಾಳೆಯಿಂದ ಬರಬೇಡ್ರಿ. ಸೋಮವಾರ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡ್ತೀನಿ, ಅಲ್ಲಿ ಹೇಳ್ಕಳ್ರಿ ನಿಮ್ಮ ಆಪತ್ತು."

ಅಣ್ಣ ಕೀಲಿಗೊಂಚಲನ್ನು ಟೇಬಲ್ ಮೇಲಿಟ್ಟರು. ಯಾರು ಹೇಳಿದರು ಎಂದು ಕೇಳಲಿಲ್ಲ. ಸುಮ್ಮನೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಹೋದರು. ನಾನು ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಓನರ್ ಅಲ್ಲೇ ನಿಂತು ಮೊಬೈಲ್ ತೆಗೆದು ಆಫೀಸ್ ಗ್ರೂಪಿನಿಂದ ಅಣ್ಣನ ನಂಬರನ್ನು ತೆಗೆದುಹಾಕಿದರು. ನನ್ನ ಕಡೆ ತಿರುಗಿ, "ಪೆಟ್ಟಿಗೆ ಮುಟ್ಟಬೇಡ, ಅದು ಸಾಕ್ಷಿ. ಆದ್ರೆ ಬಾಗ್ಲು ಕಿಟಕಿ ಎಲ್ಲ ಹಾಕಿಬಿಡು ನೀನು" ಅಂದರು.

ವಿಚಿತ್ರ ಅಂದರೆ, ಅಣ್ಣ ಹೋದ ಮೇಲೂ ಹೊಸದುರ್ಗದ ಫೋನುಗಳು ನಿಲ್ಲಲಿಲ್ಲ. ಹಳೇ ಪಟ್ಟಿ ಇಟ್ಟುಕೊಂಡಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ಬಾಗಿಲು ಹಾಕಲು, ಅಂದರೆ ಬೇರೆಯವರು ರೂಟರಿನ ಒಳಗೆ ಬರದ ಹಾಗೆ ಮಾಡಲು, ಕುಳಿತೆ. ಹೊಳಲ್ಕೆರೆಯಿಂದಲೇ ಚಿಕ್ಕಜಾಜೂರಿನ ರೂಟರಿನ ಒಳಗೆ ಹೋದೆ. ಯೋಚಿಸಿದ್ದು ಎರಡು ಸಾಲು: ಮೊದಲನೆಯದು, ಈ ದಾರಿಯಲ್ಲಿ ಯಾರನ್ನೂ ಬಿಡಬೇಡ. ಎರಡನೆಯದು, ನನ್ನನ್ನೂ ನಮ್ಮ ಗಿರಾಕಿಗಳನ್ನೂ ಬಿಡು. ಬರೆಯಬೇಕಾಗಿದ್ದದ್ದು ತಿರುಗಾ ಮುರುಗಾ. ನಾನು ಮೊದಲನೆಯ ಸಾಲು ಒತ್ತಿದ ಗಳಿಗೆಯಲ್ಲೇ ಅದು ಜಾರಿಗೆ ಬಂತು. ಎರಡನೆಯ ಸಾಲು ಟೈಪ್ ಮಾಡುತ್ತಾ ಇದ್ದೇನೆ, ಅಕ್ಷರ ಮೂಡುತ್ತಿಲ್ಲ. ರೂಟರ್ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ ನನ್ನನ್ನೇ ಹೊರಗೆ ಹಾಕಿತ್ತು.

ಐದು ನಿಮಿಷದಲ್ಲಿ ಆಫೀಸಿನ ಮೂರು ಫೋನೂ ಒಟ್ಟಿಗೇ ಹೊಡೆದುಕೊಳ್ಳತೊಡಗಿದವು. ಚಿಕ್ಕಜಾಜೂರು ಪೂರ್ತಿ ಸತ್ತಿತ್ತು. ಸ್ಕೂಟಿ ತೆಗೆದುಕೊಂಡು ಓಡಿದೆ. ರೂಮಿನ ಕೀಲಿ ನನ್ನ ಬ್ಯಾಗಿನಲ್ಲಿತ್ತು, ಆದರೆ ಗೊಬ್ಬರದ ಅಂಗಡಿಯ ಶಟರ್ ಎಳೆದಿತ್ತು. ಪಕ್ಕದ ಆನ್‌ಲೈನ್ ಸೆಂಟರಿನ ಮುಂದೆ ಅರ್ಜಿ ಹಾಕಲು ಬಂದ ಜನ ಕಾಯುತ್ತಾ ನಿಂತಿದ್ದರು.

"ಅಂಗಡಿಯೋರು ಎಲ್ಲಿ?" ಎಂದು ಸೆಂಟರಿನವರನ್ನು ಕೇಳಿದೆ.

"ಮನೆ ಮಂದಿಯೆಲ್ಲ ಹಿರಿಯೂರಿಗೆ ಮದುವೆಗೆ ಹೋಗ್ಯಾರೆ. ನಾಳೆ ಸಂಜಿಗೆ ಬರ್ತಾರೆ. ನಿಮ್ದೇನಾ ಮೇಡಂ ಇಂಟರ್ನೆಟ್ಟು? ಚೆನ್ನಾಗೈತೆ ಬಿಡ್ರಿ!"

ಸಾಲಿನಲ್ಲಿದ್ದವರು ನಕ್ಕರು. ನಾನು ಶಟರನ್ನೇ ನೋಡುತ್ತಾ ನಿಂತೆ. ಫೈಬರಿನ ದಾರಿ ನಾನೇ ಮುಚ್ಚಿದ್ದೆ. ಕಾಲ್ದಾರಿಗೆ ಶಟರ್ ಅಡ್ಡ. ಆದರೂ ಆ ಗೋಡೆಯ ಆಚೆ ಒಂದು ಹಸಿರು ದೀಪ ಮಿಟುಕುತ್ತಿರುತ್ತದೆ. ಅದು ನಮ್ಮ ಫೈಬರನ್ನು ನಂಬಿಕೊಂಡಿಲ್ಲ, ಸಿಮ್ ಇದೆ, ರೂಟರಿನ ಎದುರಿಗೇ ನಿಂತಿದೆ. ಅದರ ಜೊತೆ ಮಾತಾಡಲು ಗೊತ್ತಿರುವವರು ಊರಿನಲ್ಲಿ ಒಬ್ಬರೇ ಇದ್ದರು.

ರೈಲ್ವೆ ಗೇಟಿನ ಹತ್ತಿರ ಅಣ್ಣನ ಮನೆ. ಕಟ್ಟೆಯ ಮೇಲೆ ಕುಳಿತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದರು.

"ಏನವ್ವಾ, ಇಷ್ಟು ಬಿಸ್ಲಾಗೆ?"

"ಅಣ್ಣಾ, ಲೈನ್ ಹೋಗೈತೆ."

"ಗೊತ್ತು."

ಹೇಗೆ ಗೊತ್ತು? ಇವರೇ ಏನಾದರೂ ಮಾಡಿದರೇ? ನಾನೇ ಕೈಯಾರೆ ಕೆಡಿಸಿ ಬಂದಿದ್ದರೂ ಆ ಯೋಚನೆ ಬಂತು ನೋಡಿ. ಅವರು ನನ್ನ ಮುಖ ನೋಡಿ, "ನಮ್ಮನೇಗೂ ಅದೇ ಲೈನ್ ಅಲ್ವೇನವ್ವ? ಧಾರಾವಾಹಿ ನಿಂತೋತು ಅಂತ ನಮ್ಮವ್ವ ಒಳಗೆ ಕುಂತು ಬೈತಾ ಐತೆ" ಅಂದರು.

ನಡೆದದ್ದು ಹೇಳಿದೆ. ಎರಡು ಸಾಲು ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನೂ ಹೇಳಿದೆ. ಅವರು ನಕ್ಕ ನಗುವಿಗೆ ಕಡಲೆಕಾಯಿ ಮೊರ ಅಲುಗಾಡಿತು. "ನಿನ್ನೇ ನೀನು ಹೊರಾಕ್ಕಂಡೆ ಅನ್ನು! ಮಾಡ್ತಾರೆ ಬಿಡು, ಎಲ್ರೂ ಒಂದ್ಸಲ ಮಾಡ್ತಾರೆ."

"ಪೆಟ್ಟಿಗೆಯಿಂದ ಒಳಗೆ ಹೋಗಿ ಆ ಒಂದು ಸಾಲು ಅಳಿಸಿಬಿಡಣ್ಣ."

ನಗು ನಿಂತಿತು. "ನಾನ್ಯಾಕೆ ಕೈ ಹಾಕ್ಲಿ? ಸೋಮವಾರ ಸ್ಟೇಷನ್ನಿಗೆ ಹೋಗ್ತೀರಿ. ಕೆಲ್ಸದಿಂದ ತೆಗೆದ ಮೇಲೂ ನುಗ್ಗಿದ್ದ ಅಂತ ಅದನ್ನೂ ಬರೆಸ್ತೀರಿ."

ನಾನು ಓನರ್‌ಗೆ ಫೋನ್ ಹಚ್ಚಿ, ವಿಷಯ ಹೇಳಿ, ಫೋನನ್ನು ಅಣ್ಣನ ಕೈಗೆ ಕೊಟ್ಟೆ. ಆ ಕಡೆಯಿಂದ, "ಸರಿ ಮಾಡ್ರಿ ಮೊದ್ಲು, ಆಮೇಲೆ ನೋಡಾಣ" ಅನ್ನುವ ಧ್ವನಿ ನನಗೂ ಕೇಳಿಸಿತು. ಅಣ್ಣ ಒಂದು ಮಾತೂ ಆಡದೆ ಕಟ್ ಮಾಡಿ ಫೋನನ್ನು ನನಗೆ ವಾಪಸ್ ಕೊಟ್ಟರು.

"ಹೇಳಿದ್ರಲ್ಲಣ್ಣ!"

"ಯಾರು ಹೇಳಿದ್ರು? ಫೋನ್ ನಿಂದು. ನಂಬರ್ ಹಚ್ಚಿದೋಳು ನೀನು. ಆ ಕಡೆ ಮಾತಾಡಿದ್ದು ಯಾರು ಅಂತ ನಾನು ಹೆಂಗ್ ನಂಬ್ಲಿ?"

"ದನಿ ಗೊತ್ತಾಗಲ್ವಾ?"

"ದನೀನ ಈಗ ಮಿಷಿನ್ನೇ ಮಾಡ್ತೈತೆ. ನೀನೇ ಅಲ್ವಾ ಒಂದಿನ ಕೂರಿಸ್ಕಂಡು ತೋರಿಸಿದ್ದು?"

ತೋರಿಸಿದ್ದೆ. ಜಂಬಕ್ಕೆ ತೋರಿಸಿದ್ದೆ. ಅವರು ತಮ್ಮ ಫೋನ್ ತೆಗೆದು, ಸ್ಪೀಕರ್ ಹಾಕಿ, ಓನರ್‌ಗೆ ಅಲ್ಲ, ಓನರ್ ಹೆಂಡತಿಗೆ ಫೋನ್ ಮಾಡಿದರು. ಅವರ ಮನೆಗೆ ಮೊದಲ ಕೇಬಲ್ ಎಳೆದ ಕಾಲದಿಂದ ಇಬ್ಬರಿಗೂ ಪರಿಚಯ.

"ಅಕ್ಕಾರೆ, ನಾನು ಚಿಕ್ಕಜಾಜೂರು ಲೈನಿನೋನು. ಸಾರ್ ಮನೇಲಿ ಅದಾರಾ?"

"ಇಲ್ಲೇ ಅದಾರಪ್ಪ. ತಿಂಡಿ ಬಿಟ್ಟೆದ್ದು ಹಾಲ್ ತುಂಬ ಓಡಾಡ್ತಾ ಅದಾರೆ. ಯಾರೋ ಮುಖಕ್ಕೆ ಹೊಡ್ದಂಗೆ ಫೋನ್ ಇಟ್ರಂತೆ."

"ಇಟ್ಟೋನು ನಾನೇ. ನನಗೆ ಏನ್ ಕೆಲ್ಸ ಹೇಳಿದ್ರು ಅಂತ ಕೇಳಿ ನಿಮ್ಮ ಬಾಯಾಗೆ ಹೇಳ್ರಿ."

ದೂರದಿಂದ ಓನರ್ ಕೂಗಿದ್ದು ಕೇಳಿಸಿತು: "ನಾನೇ ಕಣ್ರೀ ಹೇಳಿದ್ದು! ನಾನೇ!"

"ನಾನೇ ಅಂತ ನೀವೇ ಹೇಳಿದ್ರೆ ಹೆಂಗ್ ಸಾರ್? ಅಕ್ಕಾರು ಹೇಳ್ಲಿ."

ಅಕ್ಕ ನಗು ತಡೆಯಲಾರದೆ ಹೇಳಿದರು: "ಇವ್ರೇ ಕಣಪ್ಪ. ಮದುವೆ ಆದಾಗಿನಿಂದ ನೋಡ್ತಾ ಇದೀನಿ, ಇವ್ರೇ. ಪೆಟ್ಟಿಗೆಯಿಂದ ಒಳಗೆ ಹೋಗಿ ಲೈನ್ ಸರಿ ಮಾಡ್ಬೇಕಂತೆ. ಮಾಡು."

ಆಗ ಅಣ್ಣ ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. ಅವರ ಫೋನಿನಲ್ಲಿ ಕಪ್ಪು ಪರದೆ ತೆರೆಯಿತು. ಪೆಟ್ಟಿಗೆ ಉತ್ತರ ಕೊಟ್ಟಿತು. ಒಂದೊಂದು ಅಕ್ಷರವೂ ಎತ್ತಿನಗಾಡಿಯಲ್ಲಿ ಬಂದ ಹಾಗೆ ನಿಧಾನ. ಕಾಯುವ ಹೊತ್ತಿಗೆ ಅವರು ಮಾತಾಡಿದರು.

ಅವರ ಅಪ್ಪ ಇದೇ ಜಂಕ್ಷನ್ನಿನ ಗೇಟ್‌ಮ್ಯಾನ್ ಆಗಿದ್ದರಂತೆ. ಗೇಟಿನ ಗೂಡಿನಲ್ಲಿ ಒಂದು ಫೋನಿರುತ್ತಿತ್ತು, ಅದರ ವೈರು ಬೇರೆ ಎಲ್ಲಿಗೂ ಹೋಗುತ್ತಿರಲಿಲ್ಲ, ಸ್ಟೇಷನ್ನಿಗೆ ಮಾತ್ರ. ಅಷ್ಟಕ್ಕೇ ಮುಗಿಯಲಿಲ್ಲ. ಗೇಟ್ ಹಾಕು ಎಂದು ಸ್ಟೇಷನ್ ಮಾಸ್ತರು ಬರೀ ಬಾಯಲ್ಲಿ ಹೇಳಿದರೆ ಸಾಲದು. ಇಬ್ಬರ ಹತ್ತಿರವೂ ಅಚ್ಚು ಹಾಕಿದ ನಂಬರುಗಳ ಹಾಳೆ ಇರುತ್ತಿತ್ತು. ಅವರೊಂದು ನಂಬರ್ ಹೇಳಬೇಕು, ಇವರು ಗೇಟ್ ಹಾಕಿ ತಮ್ಮ ಹಾಳೆಯಿಂದ ಒಂದು ನಂಬರ್ ಹೇಳಬೇಕು. ಇಬ್ಬರೂ ಬರೆದುಕೊಳ್ಳಬೇಕು. ಒಂದು ಸಲ ಹೇಳಿದ ನಂಬರಿಗೆ ಗೀಟು, ಮತ್ತೆ ಅದನ್ನು ಬಳಸುವ ಹಾಗಿಲ್ಲ.

"ನಮ್ಮಪ್ಪ ಹೆಂಗಿದ್ದ ಅಂದ್ರೆ, ಮಾಸ್ತರ ಜೊತೆ ದಿನಾ ಎಲೆ ಅಡಿಕೆ ಹಾಕೋನು, ಆದ್ರೂ ನಂಬರ್ ಕೊಡ್ಲಿಲ್ಲ ಅಂದ್ರೆ ಗೇಟ್ ಮುಟ್ತಿರ್ಲಿಲ್ಲ. ಮಾಸ್ತರ್ ಬೈಯೋರು, ಏನ್ ಲೇ ನನ್ನೇ ನಂಬಲ್ವಾ ಅಂತ. ನಿಮ್ಮನ್ನ ನಂಬ್ತೀನಿ ಬುದ್ಧಿ, ಫೋನ್ ನಂಬಲ್ಲ ಅನ್ನೋನು."

ಇಂಥ ಪೆಟ್ಟಿಗೆಯನ್ನು ಅಣ್ಣ ಮೊದಲು ಕಂಡದ್ದು ಹಿರಿಯೂರಿನ ಕಡೆ ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ. ಕೇಬಲ್ ಕೆಲಸಕ್ಕೆ ಬರುವ ಮೊದಲು ಅಲ್ಲಿದ್ದರಂತೆ. ಒಂದೊಂದು ಕಂಬದ ಬುಡದಲ್ಲೂ ಸಿಮ್ ಇರುವ ಇಂಥದೊಂದು ಪೆಟ್ಟಿಗೆ. ಯಂತ್ರದ ದೊಡ್ಡ ವೈರು ತುಂಡಾದರೂ, ಗಾಳಿ ಜೋರಾದಾಗ ರೆಕ್ಕೆ ನಿಲ್ಲಿಸು ಎಂದು ಹೇಳಲು ಬೇರೊಂದು ದಾರಿ ಬೇಕಲ್ಲ. ಅಲ್ಲಿ ಬಿಸಾಕಿದ್ದ ಹಳೆಯದೊಂದನ್ನು ಕೇಳಿ ತಂದು ರಿಪೇರಿ ಮಾಡಿದ್ದೇ ನಮ್ಮ ರೂಮಿನಲ್ಲಿದ್ದದ್ದು. ಸಿಮ್ ಅವರದೇ ಹಳೇ ನಂಬರಿನದು, ರೀಚಾರ್ಜನ್ನೂ ಅವರೇ ಹಾಕಿಸುತ್ತಿದ್ದರು.

ಔಟ್ ಆಫ್ ಬ್ಯಾಂಡ್ ಅನ್ನುವ ಮಾತನ್ನು ನಾನು ವಿಡಿಯೋಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಎಲ್ಲರೂ ಓಡಾಡುವ ದಾರಿಯ ಹೊರಗೆ, ಆ ದಾರಿಯನ್ನೇ ಸರಿಮಾಡಲು ಇಟ್ಟುಕೊಂಡ ಇನ್ನೊಂದು ದಾರಿ. ಕಳ್ಳರಿಂದ, ಮೋಸದಿಂದ ಕಾಪಾಡಿಕೊಳ್ಳುವ ವಿಷಯದಲ್ಲೂ ಅದೇ ಮಾತು: ಒಂದು ಕಡೆಯಿಂದ ಬಂದ ಸುದ್ದಿಯನ್ನು ಅದೇ ಕಡೆ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡರೆ ಪ್ರಯೋಜನವಿಲ್ಲ, ಮಧ್ಯೆ ಕುಳಿತವನು ಎರಡು ಸಲವೂ ತಾನೇ ಉತ್ತರ ಕೊಟ್ಟಾನು, ಬೇರೆ ಕಡೆಯಿಂದ ಕೇಳಬೇಕು. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಕೋಟಿಗಟ್ಟಲೆ ದುಡ್ಡಿನ ದೊಡ್ಡ ಕಂಪನಿಗಳ ವಿಷಯ ಅಂದುಕೊಂಡಿದ್ದೆ. ಬ್ಯಾಟರಿ ಹಿಂದೆ ಕಣ್ಣೆದುರಿಗೆ ಇದ್ದಾಗ ಅದು ನನಗೆ ಕಳ್ಳತನವಾಗಿ ಕಂಡಿತ್ತು.

ಸಾಲು ಅಳಿಸಿಹೋಯಿತು. ಒಳಗಿನಿಂದ ಅಜ್ಜಿ, "ಬಂತು ಬಂತು!" ಎಂದು ಕೂಗಿದರು.

ಕೇಳಲೋ ಬೇಡವೋ ಎಂದು ಕೊನೆಗೆ ಕೇಳಿಯೇಬಿಟ್ಟೆ. "ಓಕೆ ಇಪ್ಪತ್ತೆಂಟು ಅಂದ್ರೆ ಏನಣ್ಣ?"

"ನನ್ನ ಫೋನ್ ಓದಿದ್ಯಾ?"

"ಕಣ್ಣಿಗೆ ಬಿತ್ತು."

"ಕಣ್ಣಿಗೆ ಬೀಳಂಗೆ ನಿಂತ್ಕಂಡಿರ್ತೀಯ. ರೂಮಿನ ಬಿಸಿ ಕಣೇ ಅದು. ಬದುಕೀನಿ, ಇಪ್ಪತ್ತೆಂಟು ಡಿಗ್ರಿ ಐತೆ ಅಂತ ದಿನಾ ಬೆಳಿಗ್ಗೆ ಹೇಳ್ತೈತೆ. ಅದು ಹೇಳ್ಲಿಲ್ಲ ಅಂದ್ರೆ ಹೋಗಿ ನೋಡ್ಬೇಕು."

ಆಗ ನಾನು ಗಿರಾಕಿಗಳ ಪಟ್ಟಿಯ ಕತೆ ಹೇಳಿದೆ. ಅವರನ್ನು ತೆಗೆದದ್ದು ಪೆಟ್ಟಿಗೆಗಿಂತ ಹೆಚ್ಚಾಗಿ ಆ ಪಟ್ಟಿಯ ಸಲುವಾಗಿ ಎಂದು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ, "ಪಟ್ಟಿ ಎಲ್ಲಿಗೆ ಹಾಕ್ತೀಯ?" ಎಂದರು.

"ಆಫೀಸ್ ಗ್ರೂಪಿಗೆ."

"ಗ್ರೂಪಿನಾಗೆ ಯಾರ್ಯಾರು ಅದಾರೆ?"

"ಎಲ್ಲ ನಮ್ಮೋರೇ."

"ತೆಗೆದು ನೋಡು. ನನ್ನ ಮುಂದೆ ಓದು."

ಫೋನ್ ತೆಗೆದು ಒಂದೊಂದೇ ನಂಬರ್ ಓದಿದೆ. ಹನ್ನೊಂದನೆಯದಕ್ಕೆ ಬಂದು ನಿಂತೆ. ಹೋದ ವರ್ಷ ನಮ್ಮಲ್ಲಿ ವಸೂಲಿ ನೋಡಿಕೊಳ್ಳುತ್ತಿದ್ದವರು, ಓನರ್ ಹೆಂಡತಿಯ ತಮ್ಮ. ಕೆಲಸ ಬಿಟ್ಟು ಹೊಸದುರ್ಗ ಸೇರಿ ಎಂಟು ತಿಂಗಳಾಗಿತ್ತು. ಗ್ರೂಪು ಬಿಟ್ಟಿರಲಿಲ್ಲ. ಯಾರೂ ತೆಗೆದಿರಲಿಲ್ಲ. ಆ ಎಂಟು ತಿಂಗಳೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನೇ ನನ್ನ ಕೈಯಾರೆ ಅವರಿಗೆ ಪಟ್ಟಿ ಕಳಿಸಿದ್ದೆ.

"ಅಂದಾಜಿನ ಮೇಲೆ ಯಾರ ಹೆಸರನ್ನೂ ಹೇಳಬ್ಯಾಡ," ಅಂದರು ಅಣ್ಣ. "ನನ್ನ ಮೇಲೆ ಹೇಳಿದ್ದು ಸಾಕು. ಖಾತ್ರಿ ಮಾಡ್ಕ."

ಭಾನುವಾರ ಬೆಳಿಗ್ಗೆ ಪಟ್ಟಿ ಹಾಕುವಾಗ ಒಂದು ಸುಳ್ಳು ಹೆಸರು ಸೇರಿಸಿದೆ. ಅದರ ಎದುರಿಗೆ ಬರೆದದ್ದು ನಮ್ಮಮ್ಮನ ನಂಬರ್. ಕಂಪ್ಯೂಟರಿನಲ್ಲಿ ಆ ಹೆಸರು ಇರಲಿಲ್ಲ, ಗ್ರೂಪಿನಲ್ಲಿ ಮಾತ್ರ ಇತ್ತು. ಗ್ರೂಪಿನವರಲ್ಲಿ ಹೊಸದುರ್ಗದಲ್ಲಿದ್ದವರು ಆ ತಮ್ಮ ಒಬ್ಬರೇ. ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಅಮ್ಮನ ಫೋನ್ ಹೊಡೆದುಕೊಂಡಿತು.

"ಹೊಸದುರ್ಗದೋರಾ? ಯಾವ ಪ್ಲಾನಪ್ಪ?... ಮುಗೀತೈತಾ?... ನಮ್ಮನೇಲಿ ಇಂಟರ್ನೆಟ್ಟೇ ಇಲ್ವಲ್ಲಪ್ಪ, ಮುಗಿಯೋದು ಹೆಂಗೆ?... ಮೂರು ತಿಂಗಳು ಪುಕ್ಕಟೆನಾ? ಒಂದ್ ನಿಮಿಷ ತಡಿ, ನನ್ನ ಮಗಳ್ನ ಕೇಳ್ತೀನಿ."

ಅಷ್ಟರಲ್ಲಿ ನಾನು ಚಪ್ಪಲಿ ಹಾಕಿಕೊಂಡಾಗಿತ್ತು. ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಹೋದೆ. ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಓನರ್ ಕೇಳಿ ಸೋಫಾದಲ್ಲಿ ಕುಸಿದರು. "ಗೊತ್ತಿತ್ತಮ್ಮ ಅವನು ಗ್ರೂಪಿನಾಗೆ ಅವ್ನೆ ಅಂತ. ಬಾಮೈದನ್ನ ಗ್ರೂಪಿಂದ ತೆಗೆದ್ರೆ ಹಬ್ಬಕ್ಕೆ ಮನೆಗೆ ಬರ್ತಾನಾ? ನಿಮ್ಮ ಅಕ್ಕ ಸುಮ್ನಿರ್ತಾಳಾ?"

"ಒಮ್ಮೆನಾದ್ರೂ ನನ್ನ ಕೇಳಿದ್ರಾ?" ಎಂದು ಅಕ್ಕ ಒಳಗಿನಿಂದ ಬಂದರು. ಗಂಡನ ಕೈಯಿಂದ ಫೋನ್ ಕಿತ್ತುಕೊಂಡು, ಎಲ್ಲಿ ಒತ್ತಬೇಕು ಎಂದು ನನ್ನನ್ನು ಕೇಳಿ, ತಮ್ಮನ ನಂಬರನ್ನು ಅವರೇ ತೆಗೆದರು. "ಹಬ್ಬಕ್ಕೆ ಬರ್ಲಿ. ಬಂದಾಗ ಇನ್ನೂ ಐತೆ ಅವನಿಗೆ."

ಪೊಲೀಸ್ ಸ್ಟೇಷನ್ನಿನ ಮಾತು ಅಲ್ಲಿಗೆ ನಿಂತಿತು. ಸಂಜೆ ಓನರ್ ಅಣ್ಣನನ್ನು ಗ್ರೂಪಿಗೆ ಸೇರಿಸಿ, ‘ತಪ್ಪು ತಿಳುವಳಿಕೆ ಆಗಿತ್ತು, ನಾಳೆಯಿಂದ ಕೆಲಸಕ್ಕೆ ಬರಬಹುದು’ ಎಂದು ಕೈಮುಗಿಯುವ ಚಿತ್ರ ಹಾಕಿದರು. ಒಂದು ನಿಮಿಷಕ್ಕೆ ಅಣ್ಣ ಗ್ರೂಪಿನಿಂದ ಹೊರಗೆ ಹೋದರು. ನಾನು ಫೋನ್ ಮಾಡಿದೆ.

"ಕಳ್ಳ ಅಂದಿದ್ದು ಎಲ್ರ ಎದುರಿಗೆ, ಬಾಯಾಗೆ. ಅಲ್ಲ ಅನ್ನೋದನ್ನ ಬೆರಳಾಗೆ ಬರೀತಾರಾ? ಹೇಳು ಅವ್ರಿಗೆ," ಎಂದು ಇಟ್ಟರು.

ಅದನ್ನು ಓನರ್‌ಗೆ ಹಾಗೇ ಹೇಳುವ ಧೈರ್ಯ ಬರಲಿಲ್ಲ, ಅಕ್ಕನಿಗೆ ಹೇಳಿದೆ. ಎರಡನೇ ದಿನ ಗಂಡಹೆಂಡತಿ ಇಬ್ಬರೂ ಆಫೀಸಿಗೆ ಬಂದರು. ಅಕ್ಕನೇ ಫೋನ್ ಮಾಡಿ ಅಣ್ಣನನ್ನೂ ಕರೆಸಿದ್ದರು. ರಸೀದಿ ಹುಡುಗರು, ಚಹಾದವರು ಎಲ್ಲರೂ ಇದ್ದರು. ಓನರ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ನಾನು ಅವತ್ತು ಅಂದಿದ್ದು ತಪ್ಪು. ಇವ್ರು ಕಳ್ರಲ್ಲ" ಎಂದರು.

"ಅವ್ರನ್ನ ನೋಡಿ ಹೇಳ್ರಿ," ಎಂದರು ಅಕ್ಕ.

ನೋಡಿ ಹೇಳಿದರು. ಅಣ್ಣ ಟೇಬಲ್ ಮೇಲಿನ ಕೀಲಿಗೊಂಚಲು ಎತ್ತಿಕೊಂಡರು.

ನನ್ನದು ಇನ್ನೂ ಬಾಕಿಯಿತ್ತು. ಫೋಟೋ ತೆಗೆದು ಕೊಟ್ಟವಳು ನಾನು ಎಂದು ಓನರ್ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದರೆ ನಡೆದುಹೋಗುತ್ತಿತ್ತು. ಆ ವಾರವೇ ಚಿಕ್ಕಜಾಜೂರಿನ ರೂಮಿನಲ್ಲಿ ಇಬ್ಬರೇ ಇದ್ದಾಗ ಸಿಮ್, ಆ್ಯಪ್, ಫೋಟೋ ಎಲ್ಲ ಹೇಳಿದೆ.

ಅವರು ಬ್ಯಾಟರಿಗೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ನೀನು ಸಿಮ್ ತೆಗೆದು ಹಾಕಿದ ಗಳಿಗೇಲೇ ಪೆಟ್ಟಿಗೆ ನಂಗೆ ಮೆಸೇಜ್ ಕಳಿಸ್ತು, ನಾನೀಗ ಎದ್ದೆ ಅಂತ. ಅವತ್ತು ಕೀಲಿ ತಗಂಡೋಳು ನೀನೊಬ್ಳೇ."

"ಮತ್ತೆ ಯಾಕಣ್ಣ ಕೇಳ್ಲಿಲ್ಲ?"

"ನೀನೇ ಬಂದು ಕೇಳ್ತೀಯ ಅಂತ ಎರಡು ದಿನ ಕಾದೆ. ಅಣ್ಣ, ಇದೇನು ಅಂದಿದ್ರೆ ಮುಗೀತಿತ್ತು. ಓನರ್ನ ಕೇಳ್ದೆ, ಆ್ಯಪ್ ಕೇಳ್ದೆ, ನನ್ನ ಫೋನಿನಾಗೂ ಇಣುಕಿದೆ. ನನ್ನ ಒಬ್ಬನ್ನ ಬಿಟ್ಟು ಎಲ್ರನ್ನೂ ಕೇಳ್ದೆ."

ನೀರು ಹಾಕಿ ಮುಗಿದ ಕಡೆ ನಾನು ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದೆ. ಆಮೇಲೆ, ಕೆಲಸದ ಮಾತು ಎಂದು ಧೈರ್ಯ ಮಾಡಿ, ಆ ಪೆಟ್ಟಿಗೆ ಒಬ್ಬರ ಫೋನಿಗೆ ಮಾತ್ರ ಉತ್ತರ ಕೊಡುವುದು ಸರಿಯಲ್ಲ, ನಾಳೆ ನಿಮಗೆ ಜ್ವರ ಬಂದರೆ ಏನು ಗತಿ, ಇನ್ನೊಂದು ನಂಬರ್ ಸೇರಿಸಬೇಕು ಎಂದೆ. ಅವರು ಒಪ್ಪಿದರು. ಅಲ್ಲೇ ಕುಳಿತು ಸೇರಿಸಿದರು ಕೂಡ. ಇಣುಕದೆ ದೂರ ನಿಂತು ಕೇಳಿದೆ:

"ಯಾರದಣ್ಣ?"

"ಅಕ್ಕಾರದು."

"ಅವ್ರಿಗೆ ರೂಟರ್ ಅಂದ್ರೆ ಏನು ಅಂತ್ಲೇ ಗೊತ್ತಿಲ್ವಲ್ಲ!"

"ಅದನ್ನ ಹೇಳ್ಕೊಡಬಹುದು."

ಅದು ನಡೆದು ಆರು ತಿಂಗಳ ಮೇಲಾಯಿತು. ಈಗ ಫೈಬರ್ ಬೆಸೆಯುವುದರಿಂದ ಹಿಡಿದು ಎಲ್ಲವನ್ನೂ ಅಣ್ಣ ನನಗೆ ಕಲಿಸುತ್ತಾರೆ, ಬೈಯುತ್ತಾರೆ, ಮನೆಯಿಂದ ಕಡಲೆಕಾಯಿ ತಂದು ಕೊಡುತ್ತಾರೆ. ಪೆಟ್ಟಿಗೆಯಲ್ಲಿ ಈಗಲೂ ಎರಡೇ ನಂಬರ್ ಇವೆ. ನನ್ನದನ್ನು ಸೇರಿಸಿ ಎಂದು ನಾನು ಕೇಳಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇಷ್ಟು ಬೇಗ ಸೇರಿಸುತ್ತಿರಲಿಲ್ಲ.